ಗಾಜಿನ ಮನೆಯ ಚರಗ

ಆ ವರ್ಷ ಕಾರ್ತಿಕ ಮುಗಿಯುವ ಮೊದಲೇ ಕಡ್ಲಿಗುಡ್ಡದ ಕೆರೆ ಹೆಪ್ಪುಗಟ್ಟಿತು. ನೀರಿಗೆ ಹೋಗುವ ಹೆಂಗಸರು ಕೊಡದ ಜೊತೆಗೆ ಕೊಡಲಿಯನ್ನೂ ಒಯ್ಯತೊಡಗಿದರು. ದಂಡೆಯ ಹತ್ತಿರ ಮಂಜುಗಡ್ಡೆ ಒಡೆದು ಮಾಡಿದ್ದ ಒಂದೇ ಒಂದು ತೂತು. ಅದರ ಸುತ್ತ ಕಂಬಳಿ ಹೊದ್ದವರ ಸಾಲು. ಫಕೀರವ್ವ ಬಂದು ಸಾಲಿನ ಕೊನೆಗೆ ನಿಂತದ್ದೇ ತಡ, ಎಲ್ಲರ ಮಾತು ನಿಂತಿತು.

“ಬಂದ್ಲು ನೋಡ್ರಿ, ಗಾಜಿನಮನಿ ಗೌಡ್ತಿ,” ಎಂದಳು ದ್ಯಾಮವ್ವ, ಹಿಂದಕ್ಕೆ ತಿರುಗದೆ. “ದಾರಿ ಬಿಡ್ರಬೇ. ಬದನಿಗಿಡಕ್ಕ ಚಳಿ ಆಗೇತಂತ, ಕೌದಿ ಹೊಚ್ಚಾಕ ಹೊಂಟಾಳ.”

ಯಾರೋ ನಕ್ಕರು. ಫಕೀರವ್ವ ತಲೆ ಎತ್ತಲಿಲ್ಲ. ಐವತ್ತೆಂಟು ವರ್ಷದ ಹೆಂಗಸು, ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಊರಿನ ಗಾಜಿನ ಮನೆಯಲ್ಲಿ ತರಕಾರಿ ಬೆಳೆಯುವ ಕೆಲಸ ಅವಳದು. ಊರಿನಲ್ಲಿ ಹಗಲೆಲ್ಲ ಬೆಚ್ಚಗಿದ್ದ ಜಾಗ ಅದೊಂದೇ, ಮತ್ತು ಅದರ ಬಾಗಿಲ ಬೀಗದ ಕೈ ಅವಳ ಸೊಂಟದಲ್ಲಿತ್ತು. ಜನಕ್ಕೆ ಅಷ್ಟು ಸಾಕಾಗಿತ್ತು.

ಅವಳ ಸರದಿ ಬಂದಾಗ ತುಂಬಿದ ಕೊಡ ಕೈಜಾರಿ ಮಂಜಿನ ಮೇಲೆ ಉರುಳಿತು. ದ್ಯಾಮವ್ವ ಚಕ್ಕನೆ ಪಾದ ಅಡ್ಡ ಇಟ್ಟು ನಿಲ್ಲಿಸಿದಳು. ನಿಲ್ಲಿಸಿದ್ದು ತಾನೇ ಎಂಬುದು ಆಮೇಲೆ ಅರಿವಾದವಳಂತೆ, ಅದೇ ಪಾದದಿಂದ ಕೊಡವನ್ನು ಇವಳತ್ತ ಒದ್ದಳು.

“ನಿನ್ನ ಕೊಡ ಕಾಯಾಕ ನಾ ಹುಟ್ಟಿಲ್ಲ.”

ಒದೆ ಮೆಲ್ಲಗೇ ಇತ್ತು. ಕೊಡಕ್ಕೆ ನೆಗ್ಗು ಕೂಡ ಬೀಳಲಿಲ್ಲ. ಫಕೀರವ್ವ ಮತ್ತೆ ನೀರು ತುಂಬಿಕೊಂಡು ಮನೆಯ ದಾರಿ ಹಿಡಿದಳು.

ದ್ಯಾಮವ್ವನ ಸಿಟ್ಟಿಗೆ ಕಾರಣವಿತ್ತು. ಹಿಂದಿನ ಪುಷ್ಯ ಮಾಸದಲ್ಲಿ ಗಾಳಿ ಮೂರು ದಿನ ಬಿದ್ದುಹೋದಾಗ, ಗುಡ್ಡದ ಮೇಲಿನ ಗಾಳಿಯಂತ್ರಗಳಿಂದ ಬಂದ ಅಷ್ಟಿಷ್ಟು ಕರೆಂಟನ್ನು ಗಾಜಿನ ಮನೆಗೇ ಬಿಟ್ಟಿದ್ದರು. ಮನೆಗಳ ಕಾವು ನಿಂತಿತು. ನಾಲ್ಕನೆಯ ಬೆಳಿಗ್ಗೆ ದ್ಯಾಮವ್ವ ಚಹಾ ಹಿಡಿದು ಎಬ್ಬಿಸಲು ಹೋದರೆ, ಗಂಡ ಭರಮಪ್ಪ ಮೂರು ಕೌದಿಯೊಳಗೆ ಕಟ್ಟಿಗೆಯಂತೆ ಸೆಟೆದಿದ್ದ. ಅದೇ ವಾರ ಗಾಜಿನ ಮನೆಯಿಂದ ಒಳ್ಳೆಯ ಬದನೆಕಾಯಿ ಬಂದವು. ದ್ಯಾಮವ್ವನ ಮನೆಯ ಪಾಲನ್ನು ಫಕೀರವ್ವನೇ ಒಯ್ದು ಕೊಟ್ಟಳು. ದ್ಯಾಮವ್ವ ಅವನ್ನು ಒಂದೊಂದಾಗಿ ಬೀದಿಗೆ ಎಸೆದಳು.

ಬಿಸಿಲೇ ವೈರಿಯಾಗಿದ್ದ ಕಾಲವೂ ಫಕೀರವ್ವನಿಗೆ ನೆನಪಿದೆ. ಅವಳಿಗೆ ಇಪ್ಪತ್ತಾರು ವರ್ಷವಿದ್ದಾಗ, ಬೇಸಿಗೆಯಲ್ಲಿ ತಂತಿಯ ಮೇಲೆ ಕೂತ ಗುಬ್ಬಿಗಳು ಕೂತಲ್ಲಿಂದಲೇ ಉದುರುತ್ತಿದ್ದವು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಮಿತಿಮೀರಿದೆ, ಭೂಮಿ ಹಂಚಿನಂತೆ ಕಾಯುತ್ತಿದೆ ಎಂದು ದೇಶಗಳೆಲ್ಲ ಸೇರಿ ಆಕಾಶದ ಮೇಲಿನ ಪದರದಲ್ಲಿ ನುಣ್ಣನೆಯ ಬಿಳಿ ಪುಡಿ ತೂರಿದರು. ಸೂರ್ಯನಿಗೊಂದು ಪರದೆ. ಎರಡು ವರ್ಷದಲ್ಲಿ ಅದು ತಾನಾಗಿ ಇಳಿದುಹೋಗಬೇಕಿತ್ತು. ಮೂವತ್ತೆರಡು ವರ್ಷವಾಯಿತು, ಇಳಿದಿಲ್ಲ. ಯಾಕೆ ಇಳಿಯಲಿಲ್ಲ ಎಂಬ ಬಗ್ಗೆ ಬಲ್ಲವರು ಇನ್ನೂ ಜಗಳವಾಡುತ್ತಿದ್ದಾರೆ. ಜನ ಅದಕ್ಕೆ ಮುಸುಕು ಎಂದು ಹೆಸರಿಟ್ಟು ಸುಮ್ಮನಾದರು. ಮುಸುಕಿನ ಹಿಂದೆ ಸೂರ್ಯ ತೊಳೆಯದೆ ಇಟ್ಟ ಕಂಚಿನ ತಟ್ಟೆಯಂತೆ ಕಾಣುತ್ತಿದ್ದ. ಎರೆಭೂಮಿಯಲ್ಲಿ ಬೆಳೆಗೆ ಉಳಿದದ್ದು ವರ್ಷಕ್ಕೆ ಎಪ್ಪತ್ತು ದಿನ. ಅಷ್ಟರಲ್ಲಿ ನವಣೆ ಬರುತ್ತಿತ್ತು, ಅಗಸಿ ಬರುತ್ತಿತ್ತು. ಜೋಳ ಹಾಲುಗಟ್ಟುವ ಹೊತ್ತಿಗೆ ಇಬ್ಬನಿ ಗಾಜಾಗಿ ತೆನೆಯನ್ನು ಸುಡುತ್ತಿತ್ತು. ಕಾಯಿಪಲ್ಯವಂತೂ ಇಲ್ಲವೇ ಇಲ್ಲ. ಮಕ್ಕಳ, ಬಸುರಿಯರ ವಸಡಿನಲ್ಲಿ ರಕ್ತ ಬರತೊಡಗಿದ ಮೇಲೆ ಊರೂರಿಗೆ ಗಾಜಿನ ಮನೆಗಳು ಬಂದವು.

ಕಡ್ಲಿಗುಡ್ಡದ್ದು ಉದ್ದಕ್ಕೆ ಎಂಬತ್ತು ಹೆಜ್ಜೆ. ಮಣ್ಣಿಲ್ಲ, ತೊಳೆದ ಕಲ್ಲುಪುಡಿಯ ಪಾತಿ, ಕೊಳವೆಯಲ್ಲಿ ಸತ್ವದ ನೀರು, ಮೇಲೆ ನೇರಳೆ ದೀಪ. ಕಾವು, ನೀರು, ಬೆಳಕು ಎಲ್ಲವನ್ನೂ ನೋಡಿಕೊಳ್ಳುವ ಯಂತ್ರ ಅರ್ಧ ಮೈಲು ದೂರದ ಕಂಟ್ರೋಲ್ ರೂಮಿನಲ್ಲಿತ್ತು. ಹೆಂಗಸರು ಅದಕ್ಕೆ ‘ಯಜಮಾನ’ ಎನ್ನುತ್ತಿದ್ದರು. “ಯಜಮಾನ್ರು ಇವತ್ತ ಮೂಲಂಗಿಗೆ ನೀರು ಕೊಟ್ಟಿಲ್ಲ, ಸಿಟ್ಟಾಗ್ಯಾರೋ ಏನೋ.” ಬಾಗಿಲು ತೆಗೆದರೆ ಕಾವು ಹೋಗುತ್ತದೆಂದು ಯಜಮಾನನ ಕಟ್ಟುನಿಟ್ಟು: ದಿನಕ್ಕೆ ಒಬ್ಬರು, ಆರು ನಿಮಿಷ. ಅದಕ್ಕಿಂತ ಹೆಚ್ಚಾದರೆ ಕೆಂಪು ದೀಪ.

ಭರಮಪ್ಪ ಸತ್ತ ಮೇಲೆ ಫಕೀರವ್ವನಿಗೆ ಅನ್ನ ಸೇರಲಿಲ್ಲ. ಗಾಜಿನ ಮನೆಯ ಸಂದುಗೊಂದುಗಳಲ್ಲಿ ಕೈಯಿಟ್ಟು ನೋಡಿದಳು. ಎಲ್ಲ ಕಡೆಯಿಂದಲೂ ಕಾವು ಸೋರುತ್ತಿತ್ತು. ಅದನ್ನು ನಿಲ್ಲಿಸಿದರೆ ಮನೆಗಳಿಗೆ ಕರೆಂಟು ಉಳಿಯುತ್ತದೆ. ಅವಳ ಅಪ್ಪ ಹಗೇವು ಮುಚ್ಚುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವನು. ಹಗೇವು ಎಂದರೆ ನೆಲದೊಳಗಿನ ಕಾಳಿನ ಗುಂಡಿ. ಅವನು ಬಾಯಿ ಮೆತ್ತಿದರೆ ಇರುವೆಯಲ್ಲ, ಗಾಳಿಯೂ ಒಳಗೆ ಹೋಗುತ್ತಿರಲಿಲ್ಲ. ಏಳು ವರ್ಷವಾದರೂ ಜೋಳಕ್ಕೆ ಹುಳ ಹಿಡಿಯುತ್ತಿರಲಿಲ್ಲ. ಆ ಕೈ ಮಗಳಿಗೂ ಬಂದಿತ್ತು. ಅಗಸಿ ಎಣ್ಣೆ, ಸುಣ್ಣದ ಪುಡಿ, ಹಿಂಜಿದ ಹತ್ತಿ ಕಲಸಿ, ಮಳೆಗಾಲದಿಂದ ದೀಪಾವಳಿಯವರೆಗೆ ಒಂದೊಂದೇ ಗಾಜಿನ ಅಂಚಿಗೆ ಹೊರಗಿನಿಂದ ಹೆಬ್ಬೆರಳಿನಲ್ಲಿ ಮೆತ್ತಿದಳು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಕೆಲಸ ಮುಗಿದ ದಿನ ಗಾಜಿನ ಮನೆ ಅರ್ಧ ಕರೆಂಟಿನಲ್ಲೇ ಬೆಚ್ಚಗಾಯಿತು. ಊರ ಮನೆಗಳಿಗೆ ದಿನಕ್ಕೆ ಒಂದು ತಾಸು ಹೆಚ್ಚು ಕಾವು ಸಿಕ್ಕಿತು.

ಅಲ್ಲಿಂದ ಹದಿನೈದು ದಿನಕ್ಕೆ ಗಿಡಗಳು ಬೆಳೆಯುವುದನ್ನು ನಿಲ್ಲಿಸಿದವು.

ಬಾಡಲಿಲ್ಲ, ಹಳದಿಯಾಗಲಿಲ್ಲ, ಹುಳ ಬೀಳಲಿಲ್ಲ. ಹಸಿರಾಗಿ, ಚಿತ್ರದಲ್ಲಿ ಬರೆದಂತೆ ನಿಂತೇಬಿಟ್ಟವು. ನಾಲ್ಕೆಲೆಯ ಮೆಂತ್ಯ ಆರು ವಾರವಾದರೂ ನಾಲ್ಕೆಲೆಯೇ.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಒಂದು ದಿನವಿದೆ ಎನ್ನುವಾಗ ಎಂಜಿನಿಯರ್ ಮಾಲತೇಶ ಅವಳನ್ನು ಕಂಟ್ರೋಲ್ ರೂಮಿಗೆ ಕರೆಸಿದ. ನಲವತ್ತರ ಒಳಗಿನವನು, ಹಾವೇರಿ ಕಡೆಯವನು. ಕೆಲಸದ ಮಾತು ಬಂದರೆ ಪುಸ್ತಕದ ಕನ್ನಡವನ್ನೇ ಆಡುತ್ತಿದ್ದ. ಕೂರು ಎನ್ನಲಿಲ್ಲ. ಆದರೆ ಅವಳು ನಿಂತ ಜಾಗದ ಹತ್ತಿರ ಕುರ್ಚಿಯನ್ನು ಮೊಣಕಾಲಿನಿಂದ ಸ್ವಲ್ಪ ತಳ್ಳಿದ.

“ಇದನ್ನು ನೋಡಿ,” ಎಂದು ಗೋಡೆಯ ಮೇಲಿನ ಒಂದು ಮೀಟರಿನ ಮುಳ್ಳನ್ನು ತೋರಿಸಿದ. “ಎಲೆಗಣ್ಣು. ಎಲೆಯ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ಕೆಲಸಕ್ಕೆ ಹೋಯಿತು, ಎಷ್ಟು ವ್ಯರ್ಥವಾಗಿ ವಾಪಸು ಬಂತು, ಅದನ್ನು ಅಳೆಯುತ್ತದೆ. ಆರು ವಾರದಿಂದ ಸೊನ್ನೆಯ ಹತ್ತಿರವೇ ಇದೆ. ನಿಮ್ಮ ಗಿಡಗಳು ಬೆಳಕನ್ನು ತಿನ್ನುತ್ತಿಲ್ಲ.”

“ಬೆಳಕು ಐತಿ, ನೀರೈತಿ, ಕಾವೈತಿ. ಮತ್ಯಾಕ್ರಿ ತಿನ್ನವಲ್ವು?”

“ಅದನ್ನು ನೀವು ಹೇಳಬೇಕು. ಒಳಗೆ ಹೋಗುವವರು ನೀವು. ಏನು ರೋಗ ತಂದು ಹಾಕಿದಿರಿ?”

ಫಕೀರವ್ವ ಸೊಂಟದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡಳು.

“ಪಂಚಾಯಿತಿ ತೀರ್ಮಾನ ಆಗಿದೆ,” ಎಂದ ಅವನು, ಮುಖ ನೋಡದೆ. “ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಹತ್ತಕ್ಕೆ ಅಧ್ಯಕ್ಷರು ಬಂದು ಗಾಜಿನ ಮನೆಯ ಕರೆಂಟು ತೆಗೆಯುತ್ತಾರೆ. ಆ ಕರೆಂಟೆಲ್ಲ ಊರ ಮನೆಗಳಿಗೆ. ಜನ ಸಾಯುತ್ತಿರುವಾಗ ಬೆಳೆಯದ ಗಿಡಕ್ಕೆ ಕಾವು ಕೊಡಿ ಎಂದು ನಾನು ಯಾವ ಬಾಯಲ್ಲಿ ಕೇಳಲಿ?”

“ನನ್ನ ಸೊಸಿಗೆ ಏಳು ತಿಂಗಳ್ರಿ, ಸಾಹೇಬ್ರ. ವಸಡಿನ್ಯಾಗ ರಕ್ತ ಬರಾಕತ್ತೇತಿ. ಹಸರು ಇಲ್ದ ಎರಡೂ ಜೀವ ಉಳಿಯೂದಿಲ್ಲ ಅಂದಾರ ಡಾಕ್ಟರು.”

“ಊರಲ್ಲಿ ಇನ್ನೂ ಹನ್ನೊಂದು ಬಸುರಿಯರಿದ್ದಾರೆ,” ಎಂದ ಮಾಲತೇಶ. ಒರಟಾಗಿಯೇ ಅಂದ. ಆದರೆ ಅವಳು ಹೊರಟಾಗ ಕಬ್ಬಿಣದ ಭಾರದ ಬಾಗಿಲನ್ನು ಹಿಡಿದು, ಎಳೆಯುವ ಕಾಲು ಹೊಸ್ತಿಲು ದಾಟುವವರೆಗೂ ಬಿಡದೆ ನಿಂತಿದ್ದ.

ಮನೆಯಲ್ಲಿ ಸೊಸೆ ಈರಮ್ಮ ಒಲೆಯ ಮುಂದೆ ನವಣೆಯ ರೊಟ್ಟಿ ಬಡಿಯುತ್ತಿದ್ದಳು. ಗಂಡ ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆಗಳ ಮಂಜು ಕೆರೆಯುವ ಕೆಲಸದಲ್ಲಿದ್ದ. ವಾರಕ್ಕೊಮ್ಮೆ ಇಳಿದು ಬರುತ್ತಿದ್ದ. ಅತ್ತೆಯ ಮುಖ ನೋಡಿ ಈರಮ್ಮನಿಗೆ ಅರ್ಥವಾಯಿತು.

“ಮುಚ್ಚತಾರೇನ್ರಿ ಅತ್ತಿ?”

“ನಾಡದು.”

ಈರಮ್ಮ ರೊಟ್ಟಿಯನ್ನು ಮಗುಚಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಸೆರಗಿಗೆ ಹತ್ತಿದ ಕೆಂಪು ಅತ್ತೆಗೆ ಕಾಣದಂತೆ ಮಡಿಸಿದಳು. ಫಕೀರವ್ವ ಅದನ್ನು ನೋಡಿದಳು. ನೋಡಲಿಲ್ಲವೆಂಬಂತೆ ಒಲೆಗೆ ಕಟ್ಟಿಗೆ ಒಡ್ಡಿದಳು.

“ನಾಳೆ ಎಳ್ಳಮಾಸಿ,” ಎಂದಳು. “ಚರಗ ಚೆಲ್ಲಬೇಕು.”

“ಎಲ್ಲಿ ಚೆಲ್ಲತೀರಿ? ಹೊಲಾ ಕಲ್ಲಾಗೇತಿ.”

ಚರಗವೆಂದರೆ ಹೊಲದ ಪೂಜೆ. ಭೂಮಿ ತುಂಬಿದ ಬಸುರಿ ಎಂದು ಬಗೆದು, ಬಯಕೆಯ ಊಟ ಮಾಡಿಕೊಂಡು ಹೋಗಿ, ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲಿ, ಉಳಿದದ್ದನ್ನು ಅಲ್ಲೇ ಕೂತು ಉಣ್ಣುವುದು. ಮುಸುಕು ಬಿದ್ದ ಮೇಲೆ ಮಾರ್ಗಶಿರದ ಹೊಲದಲ್ಲಿ ಮಂಜು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಹಬ್ಬ ಮನೆಯ ಹಿತ್ತಲಿಗೆ, ಹಿತ್ತಲಿಂದ ದೇವರ ಜಗುಲಿಗೆ ಸರಿದು ಒಂದು ತಟ್ಟೆಯಷ್ಟಾಗಿತ್ತು.

“ಗಾಜಿನಮನ್ಯಾಗ ಚೆಲ್ಲತೀನಿ,” ಎಂದಳು ಫಕೀರವ್ವ. “ಅದೂ ಹೊಲಾನ. ಸಾಯೂದಕ್ಕಿಂತ ಮೊದಲ ಒಂದ್ಸಲ ಉಣ್ಣಲಿ.”

ಮರುದಿನ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಬುಟ್ಟಿ ಹೊತ್ತು ಹೋದರು. ರೊಟ್ಟಿ, ಒಣಗಿಸಿಟ್ಟ ಪುಂಡಿಪಲ್ಯ, ಕಡುಬು, ಎಳ್ಳಿಲ್ಲದ್ದಕ್ಕೆ ಅಗಸಿಯ ಚಟ್ನಿ. ಜೊತೆಗೆ ಗಾಜಿನ ಮನೆಯಲ್ಲಿ ಸರದಿಯ ಮೇಲೆ ದುಡಿಯುವ ಹೆಂಗಸರು, ಅವರ ಮಕ್ಕಳು, ಒಬ್ಬಿಬ್ಬರು ಮುದುಕರು. ಎಲ್ಲ ಸೇರಿ ಹದಿನೆಂಟು ಜನ. ಬಾಗಿಲಲ್ಲಿ ಕಾವಲಿನ ಮೌಲಾಸಾಬ ಕೂತಿದ್ದ.

“ಆರು ನಿಮಿಷ, ಒಬ್ಬರು,” ಎಂದ ಅವನು, ಕಾನೂನು ಹೇಳಬೇಕಾದ್ದರಿಂದ. ಆಮೇಲೆ ಬುಟ್ಟಿಯ ಕಡೆ ಮೂಗು ತಿರುಗಿಸಿ, “ಕಡಬು ಮಾಡೀರೇನಬೇ ಫಕೀರಕ್ಕ?”

“ಮಾಡೇನಿ.”

“ಹಂಗಾರ ನಾ ಉಣ್ಣಾಕ ಕುಂದರತೀನಿ. ಉಣ್ಣೂವಾಗ ನನಗ ಏನೂ ಕಾಣೂದಿಲ್ಲ.”

ಒಳಗೆ ಹೋಗುವ ಮೊದಲು ಫಕೀರವ್ವ ಸುತ್ತ ನೋಡಿದಳು. ಗಾಜಿನ ಮನೆಯ ಮೂಲೆಯಲ್ಲಿ, ಕಂಬಳಿ ಹೊದ್ದು, ಕೈಯಲ್ಲಿ ಮುಷ್ಟಿಗಿಂತ ದೊಡ್ಡ ಕಲ್ಲು ಹಿಡಿದು ದ್ಯಾಮವ್ವ ನಿಂತಿದ್ದಳು. ನಾಳೆ ಮುಚ್ಚುವುದನ್ನು ಇಂದೇ ಒಡೆಯಲು ಬಂದವಳೆಂದು ಬೇರೆ ಯಾರೂ ಹೇಳಬೇಕಿರಲಿಲ್ಲ. ಒಂದು ಗಾಜು ಹೋದರೆ ಸಾಕು, ಸಂಜೆಯೊಳಗೆ ಎಲ್ಲ ಗಿಡವೂ ಕರಕಲು.

ಚರಗಕ್ಕೆ ಒಂದು ಕಟ್ಟಳೆಯಿದೆ. ಚೆಲ್ಲುವ ಹೊತ್ತಿಗೆ ಹೊಲದ ಬದುವಿನ ಮೇಲೆ ಯಾರು ನಿಂತಿದ್ದರೂ, ಬೇಕಾದವರಿರಲಿ, ಬೇಡವಾದವರಿರಲಿ, ಊಟಕ್ಕೆ ಕರೆಯಲೇಬೇಕು. ಕರೆದರೆ ಬರಲೇಬೇಕು. ಬಾರದಿದ್ದರೆ ಕೆಡುಕು ಬಸುರಿ ಭೂಮಿಗೆ ತಟ್ಟುತ್ತದೆ.

“ದ್ಯಾಮಕ್ಕ,” ಎಂದು ಕೂಗಿದಳು ಫಕೀರವ್ವ. “ಚರಗದ ಊಟಕ್ಕ ಬಾ.”

“ನಿನ್ನ ಕೂಳು ಯಾರಿಗಿ ಬೇಕ!”

“ನನ್ನ ಕೂಳಲ್ಲ, ಭೂಮಿದು.”

ದ್ಯಾಮವ್ವ ಹಲ್ಲು ಕಚ್ಚಿದಳು. ಕಲ್ಲನ್ನೊಮ್ಮೆ, ಬಾಗಿಲಲ್ಲಿ ಹೊಟ್ಟೆ ಹಿಡಿದು ನಿಂತ ಈರಮ್ಮನನ್ನೊಮ್ಮೆ ನೋಡಿದಳು. ಕೊನೆಗೆ ಬಂದಳು; ಕಲ್ಲನ್ನು ಮಾತ್ರ ಬಿಡಲಿಲ್ಲ. ಊಟದುದ್ದಕ್ಕೂ ಅದು ಅವಳ ಮಡಿಲಲ್ಲೇ ಇತ್ತು.

ಫಕೀರವ್ವ ಪಾತಿಗಳ ನಾಲ್ಕು ಮೂಲೆಗೂ ಚರಗ ಚೆಲ್ಲಿ ಹಳೆಯ ಕೂಗು ಕೂಗಿದಳು. ಗಾಜಿನೊಳಗೆ ದನಿ ಎರಡಾಗಿ ವಾಪಸು ಬಂತು. ಮಕ್ಕಳು ನಕ್ಕವು. ಎಲ್ಲರೂ ಕಂಬಳಿ ಕಳಚಿ ಪಾತಿಗಳ ನಡುವೆ ಕೂತರು. ತಿಂಗಳುಗಳಿಂದ ಕಂಬಳಿಯೊಳಗೇ ಇದ್ದ ಭುಜಗಳು ಹೊರಗೆ ಬಂದವು. ಒಬ್ಬಾಕೆ ಕೂತಲ್ಲೇ ತೂಕಡಿಸಿದಳು. ಬೆಚ್ಚಗಿನ ಜಾಗ ಬಿಟ್ಟು ಏಳಲು ಯಾರಿಗೂ ಮನಸ್ಸಾಗಲಿಲ್ಲ. ಎರಡೂವರೆ ತಾಸು ಕಳೆದವು.

“ಇಷ್ಟು ಬೆಚ್ಚಗ ಇಟಕೊಂಡಿ ನಿನ್ನ ಗಿಡಾನ,” ಎಂದಳು ದ್ಯಾಮವ್ವ, ಮೊದಲ ಬಾರಿಗೆ ಬಾಯಿ ಬಿಟ್ಟು. ಉಂಡ ಮೇಲೂ ದನಿಯ ವಿಷ ಇಳಿದಿರಲಿಲ್ಲ. “ನನ್ನ ಮುದಕ ಏನ್ ಕೇಳಿದ್ದ? ಒಂದು ಮೂಲಿ ಸಾಕಾಗತಿತ್ತು ಅವಂಗ.”

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಮಾಲತೇಶ. ಓಡಿ ಬಂದದ್ದಕ್ಕೆ ಮೀಸೆಯಲ್ಲಿ ಮಂಜು ಕಟ್ಟಿತ್ತು.

“ಏನು ನಡೀತಿದೆ ಇಲ್ಲಿ? ಇದೇನು ಮದುವೆ ಮಂಟಪವೇ? ಒಂದು ತಿಂಗಳ ಕಾವನ್ನು ಬಾಗಿಲಿಂದ ಚೆಲ್ಲಿದಿರಲ್ಲ! ಎಲ್ಲರೂ ಹೊರಗೆ! ಮೌಲಾಸಾಬ್, ನಿಮ್ಮ ಕೆಲಸ ಇವತ್ತಿಗೆ ಮುಗೀತು!”

ಮೌಲಾಸಾಬ ಬಾಯೊಳಗಿನ ಕಡುಬನ್ನು ನುಂಗಿ ಎದ್ದು ನಿಂತ. ಹೆಂಗಸರು ಮಕ್ಕಳನ್ನು ಎತ್ತಿಕೊಂಡು, ತಲೆ ತಗ್ಗಿಸಿ, ಒಬ್ಬೊಬ್ಬರಾಗಿ ಚಳಿಗೆ ಹೋದರು. ಮಾಲತೇಶ ಫಕೀರವ್ವನ ಮುಂದೆ ಕೈ ಚಾಚಿದ. ಅವಳು ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟಳು. ಹದಿನಾಲ್ಕು ವರ್ಷ ಅದು ಅಲ್ಲಿತ್ತು.

ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಅವಳ ಮನೆಯ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮಾಲತೇಶನೇ. ಒಳಗೆ ಬಾ ಎನ್ನಲು ಫಕೀರವ್ವನಿಗೆ ಮನಸ್ಸಿರಲಿಲ್ಲ. ಈರಮ್ಮ ಮಾತ್ರ ಒಲೆಯ ಹತ್ತಿರ ಮಣೆ ಹಾಕಿದಳು.

“ಗಿಡಕ್ಕ ಏನ್ ಹಾಕಿದ್ರಿ?” ಎಂದು ಕೇಳಿದ ಅವನು. ಪುಸ್ತಕದ ಕನ್ನಡ ಎಲ್ಲೋ ಬಿದ್ದುಹೋಗಿತ್ತು. “ಖರೇ ಹೇಳ್ರಿ. ಎಲಿಗಣ್ಣಿನ ಮುಳ್ಳು ಮಧ್ಯಾಹ್ನ ಎದ್ದಿತ್ರಿ. ನಾ ಯಂತ್ರಾ ಕೆಟ್ಟೇತಿ ಅಂತ ಎರಡು ತಾಸು ವೈರ್ ಬಿಚ್ಚಿ ನೋಡೇನಿ. ಕೆಟ್ಟಿಲ್ಲ. ಆರು ವಾರದಾಗ ಮೊದಲ ಸಲ ಗಿಡಾ ಉಂಡಾವು. ನಿಮ್ಮನ್ನ ಹೊರಗ ಹಾಕಿದ ಮ್ಯಾಲೆ ಸಂಜಿತನಾ ಹಂಗ ಇತ್ತು, ಆಮ್ಯಾಲೆ ದೀಪದ ಬೆಳಕು ಇರೂವಾಗನ ಇಳದು ಇಳದು ಮತ್ತ ಸೊನ್ನಿ. ಚೆಲ್ಲಿದ ಅನ್ನಾನ ಬಳದು ಪರೀಕ್ಷಾ ಮಾಡೇನಿ. ಅದರಾಗ ಏನೂ ಇಲ್ಲ.”

“ನಾವೂ ಏನೂ ಹಾಕಿಲ್ರಿ. ಕುಂತ್ವಿ, ಉಂಡ್ವಿ, ಮಾತಾಡಿದ್ವಿ.”

“ಬ್ಯಾರೇ ಏನು?”

“ಉಸರಾಡಿದ್ವಿ,” ಎಂದಳು ಫಕೀರವ್ವ, ಬೇಸರದಿಂದ. “ಅದಕ್ಕೂ ಕಾನೂನೈತೇನ್ರಿ?”

ಹೇಳಿದ ಮಾತು ಅವಳ ಕಿವಿಗೇ ಬೇರೆ ಥರ ಕೇಳಿಸಿತು. ಅಪ್ಪ ಹಗೇವಿನ ಬಾಯಿ ತೆಗೆದ ದಿನಗಳು ನೆನಪಾದವು. ಕಲ್ಲು ಸರಿಸಿದ ಕೂಡಲೇ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಬಿಡುತ್ತಿದ್ದ. ಲಾಟೀನು ಆರಿದರೆ, ಒಳಗೆ ಕಾಳು ಉಸಿರಾಡಿ ಉಸಿರಾಡಿ ಗಾಳಿಯನ್ನು ತಿಂದುಹಾಕಿದೆ ಎಂದರ್ಥ. ಇಳಿದವನು ಮೇಲೆ ಬರುವುದಿಲ್ಲ.

“ಸಾಹೇಬ್ರ,” ಎಂದಳು ಮೆಲ್ಲಗೆ, “ಸಾಲ್ಯಾಗ ಒಂದು ಪಾಠ ಇತ್ತಲ್ರಿ. ನಾವು ಬಿಟ್ಟ ಉಸರು ಗಿಡಕ್ಕ, ಗಿಡಾ ಬಿಟ್ಟದ್ದು ನಮಗ.”

ಮಾಲತೇಶ ಅವಳನ್ನೇ ನೋಡಿದ. ಆಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

“ನಾಕನೇ ಕ್ಲಾಸಿನ ಪಾಠ,” ಎಂದ.

ಆಮೇಲಿನದನ್ನು ಅವನೇ ಬಿಡಿಸಿ ಹೇಳಿದ. ಹೇಳುತ್ತ ಹೇಳುತ್ತ ತನಗೇ ಬೈದುಕೊಂಡ. ಗಿಡದ ಮೈಯೆಲ್ಲ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನಿಂದಲೇ ಆದದ್ದು. ಗಾಜಿನ ಮನೆ ಕಟ್ಟಿದವರು ಸಂದುಗಳಿಂದ ಅದು ತಾನಾಗಿ ಒಳಗೆ ಬರುತ್ತದೆಂದು ನಂಬಿ, ಅದನ್ನು ಅಳೆಯುವ ಸಲಕರಣೆಯನ್ನೇ ಇಟ್ಟಿರಲಿಲ್ಲ. ಸಂದುಗಳೆಲ್ಲ ಮುಚ್ಚಿದ ಮೇಲೆ ಒಳಗಿದ್ದಷ್ಟನ್ನು ಗಿಡಗಳು ತಿಂದು ಮುಗಿಸಿದವು. ದೀಪ ಆರಿದಾಗ ಉಸಿರಾಡಿ ಸ್ವಲ್ಪ ಬಿಡುತ್ತವೆ, ದೀಪ ಹತ್ತಿದಾಗ ಅದನ್ನೇ ತಿನ್ನುತ್ತವೆ. ಒಂದು ಎಲೆಯಷ್ಟೂ ಹೊಸದಾಗಿ ಕಟ್ಟಲು ಸಾಮಗ್ರಿಯಿಲ್ಲ. ಯಾವುದು ಹೆಚ್ಚಾಯಿತೆಂದು ಜಗತ್ತು ಸೂರ್ಯನಿಗೇ ಮುಸುಕು ಹಾಕಿತೋ, ಅದೇ ಒಂದು ಮನೆಯೊಳಗೆ ಸಾಲದೆ ಹೋದೀತೆಂದು ಯಾರ ತಲೆಗೂ ಬರಲಿಲ್ಲ.

ಫಕೀರವ್ವ ತನ್ನ ಬಲಗೈಯ ಹೆಬ್ಬೆರಳನ್ನು ನೋಡಿಕೊಂಡಳು. ಅಗಸಿ ಎಣ್ಣೆಯ ಕಂದು ಬಣ್ಣ ಉಗುರಿನ ಸುತ್ತ ಇನ್ನೂ ಇತ್ತು.

“ನಾನ ಮುಚ್ಚಿದೆ,” ಎಂದಳು. “ಹಗೇವು ಮುಚ್ಚಿದಂಗ ಮುಚ್ಚಿದೆ. ನನ್ನ ಕೈಯಾರ.”

“ನೀವು ಮುಚ್ಚಿದ್ದು ಕೆಟ್ಟದ್ದಕ್ಕಲ್ಲ,” ಎಂದ ಮಾಲತೇಶ. “ಕಾವು ಉಳೀತು. ಅದನ್ನ ಮತ್ತ ಒಡದ್ರ ಮನಿಗಳಿಗೆ ಕರೆಂಟು ಹೋಗತೈತಿ. ಒಡಿಯೂದು ಬ್ಯಾಡ. ಒಳಗ ಮಂದಿ ಬೇಕು. ಒಬ್ಬೊಬ್ಬರ ಮೈಯಿಂದ ಒಂದು ಹಳೇ ಗುಂಡುದೀಪದಷ್ಟು ಕಾವೂ ಬರತೈತಿ. ಹಗಲೆಲ್ಲ ನಲವತ್ತು ಮಂದಿ ಪಾಳಿ ಮ್ಯಾಲೆ ಕುಂತ್ರ ಗಿಡಾ ಬೆಳೀತಾವು, ಕುಂತವರ ಮನಿಗೆ ಅಷ್ಟು ಹೊತ್ತು ಕಾವು ಬೇಕಾಗೂದಿಲ್ಲ. ಆದ್ರ ನಾಳೆ ಹತ್ತಕ್ಕ ಅಧ್ಯಕ್ಷರು ಬರತಾರ. ಅಷ್ಟರಾಗ ಮುಳ್ಳು ಎದ್ದಿರಬೇಕು. ಮಾತು ಹೇಳಿದ್ರ ನಂಬೂದಿಲ್ಲ. ಬೆಳಿಗ್ಗೆ ಆರಕ್ಕ ಮಂದಿ ಬೇಕವ್ವಾ. ನಾ ಕರದ್ರ ಯಾರೂ ಬರೂದಿಲ್ಲ.”

“ನಾ ಕರದ್ರೂ ಬರೂದಿಲ್ಲ,” ಎಂದಳು ಫಕೀರವ್ವ. “ಒಬ್ಬಾಕಿ ಬಂದ್ರ ಎಲ್ಲಾರೂ ಬರತಾರ.”

ಮಾಲತೇಶ ಬೀಗದ ಕೈಯನ್ನು ಒಲೆಯ ಕಟ್ಟೆಯ ಮೇಲಿಟ್ಟು ಎದ್ದ. ಬಾಗಿಲಲ್ಲಿ ನಿಂತು, “ಮೌಲಾಸಾಬರಿಗೆ ಹೇಳೇನಿ, ನಾಳೆ ಕೆಲಸಕ್ಕ ಬರ್ರಿ ಅಂತ,” ಎಂದು ಹೋದ.

ಫಕೀರವ್ವ ಕಂಬಳಿ ಹೊದ್ದು ದ್ಯಾಮವ್ವನ ಮನೆಗೆ ನಡೆದಳು. ದ್ಯಾಮವ್ವ ಬಾಗಿಲನ್ನು ಒಂದು ಗೇಣಷ್ಟೇ ತೆರೆದಳು. ಒಳಗೆ ಒಲೆ ಹೊತ್ತಿರಲಿಲ್ಲ. ಇವಳು ಎಲ್ಲವನ್ನೂ ಹೇಳಿದಳು, ತಾನು ಮೆತ್ತಿದ್ದನ್ನೂ ಸೇರಿಸಿ. ದ್ಯಾಮವ್ವ ಕೊನೆಯವರೆಗೆ ಕೇಳಿದಳು.

“ಮಧ್ಯಾಹ್ನ ಹೊರಗ ದಬ್ಬಿದ್ರಿ. ಈಗ ಬಂದು ಕುಂದ್ರು ಅಂತೀರಿ. ನಾನೇನ್ ನಿಮ್ಮ ಮನಿ ನಾಯೇನು?”

“ಅಲ್ಲ.”

“ನಿನ್ನ ಸೊಸಿ ಸಲುವಾಗಿ ನಾ ಉಸರಾಡಬೇಕು.”

“ಹೌದು,” ಎಂದಳು ಫಕೀರವ್ವ. ಅದನ್ನು ಬೇರೆ ರೀತಿ ಹೇಳಲು ಬರುತ್ತಿರಲಿಲ್ಲ. “ನನಗ ಕೇಳೂ ಹಕ್ಕಿಲ್ಲ. ಆದ್ರೂ ಕೇಳಾಕ ಬಂದೇನಿ.”

ದ್ಯಾಮವ್ವ ಬಾಗಿಲು ಹಾಕಿಕೊಂಡಳು. ಫಕೀರವ್ವ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು, ಕಾಲು ಮರಗಟ್ಟಿದ ಮೇಲೆ ಹಿಂದಿರುಗಿದಳು.

ಬೆಳಿಗ್ಗೆ ಆರಕ್ಕೆ ಗಾಜಿನ ಮನೆಯಲ್ಲಿ ಇದ್ದವರು ಐದು ಜನ: ಅತ್ತೆ, ಸೊಸೆ, ಮಾಲತೇಶ, ಮೌಲಾಸಾಬ, ಅವನ ಹೆಂಡತಿ. ಮಾಲತೇಶ ಕಂಟ್ರೋಲ್ ರೂಮಿನಿಂದ ಎಲೆಗಣ್ಣಿನ ಮೀಟರನ್ನೇ ಕಿತ್ತು ತಂದು ಕಂಬಕ್ಕೆ ತಂತಿಯಿಂದ ಕಟ್ಟಿದ್ದ. ಮುಳ್ಳು ಅಲ್ಲಾಡಲಿಲ್ಲ. ಏಳಾಯಿತು. ಹೊರಗೆ ಬೀದಿಯಲ್ಲಿ ಜನ ನಿಂತು ನೋಡುತ್ತಿದ್ದರು. ಗಾಜಿನ ಮೇಲೆ ಯಾರೋ ಉಗುಳಿದರು, ಉಗುಳು ಅಲ್ಲೇ ಹೆಪ್ಪುಗಟ್ಟಿತು.

ಏಳೂವರೆಗೆ ಜನರ ನಡುವಿನಿಂದ ದ್ಯಾಮವ್ವ ಬಂದಳು. ಕೈಯಲ್ಲಿ ಗಂಡನ ಹಳೆಯ ಕೌದಿಯಿತ್ತು. ಯಾರ ಮುಖವನ್ನೂ ನೋಡದೆ ಒಳಗೆ ಬಂದು, ಬದನೆ ಪಾತಿಯ ಪಕ್ಕದಲ್ಲಿ ಕೌದಿ ಹಾಸಿ, ಅದರ ಒಂದು ಬದಿಗೆ ಕೂತಳು. ಇನ್ನೊಂದು ಬದಿ ಖಾಲಿ ಬಿಟ್ಟಳು. ಬೀದಿಯಲ್ಲಿ ನಿಂತವರು ಅದನ್ನು ನೋಡಿದರು. ಮೊದಲು ಇಬ್ಬರು, ಆಮೇಲೆ ನಾಲ್ವರು, ಆಮೇಲೆ ನೀರಿನ ಸಾಲಿನಲ್ಲಿ ನಕ್ಕವರು, ಕೊಡಗಳನ್ನು ಹೊರಗಿಟ್ಟು ಒಳಗೆ ಬಂದರು. ಯಾರೂ ಫಕೀರವ್ವನನ್ನು ಮಾತಾಡಿಸಲಿಲ್ಲ. ಚಳಿಯಿಂದ ಬಂದವರಂತೆ ಬಂದರು, ಅಷ್ಟೆ.

ಎಂಟೂವರೆಗೆ ಮುಳ್ಳು ಮೆಲ್ಲಗೆ ಎದ್ದಿತು. ಅಧ್ಯಕ್ಷರು ಬರುವ ಹೊತ್ತಿಗೆ ನಡುಗೆರೆ ದಾಟಿತ್ತು. ಅವರು ಮುಳ್ಳನ್ನು ನೋಡಿದರು, ಕಂಬಳಿ ಕಳಚಿ ಕೂತ ಐವತ್ತು ಜನರನ್ನು ನೋಡಿದರು, ಇವರನ್ನು ಎಬ್ಬಿಸಿ ಹೊರಗೆ ಕಳಿಸುವ ಕೆಲಸ ತಮ್ಮಿಂದಾಗದೆಂದು ತಿಳಿದುಕೊಂಡರು.

“ಒಂದು ತಿಂಗಳು ನೋಡೋಣು,” ಎಂದು ಗದರಿ, ಹೋಗುವ ಮೊದಲು ತಾವೂ ಒಂದು ಗಳಿಗೆ ಕೈ ಕಾಸಿಕೊಂಡರು.

ಫಕೀರವ್ವ ದ್ಯಾಮವ್ವನ ಹತ್ತಿರ ಬಂದು ನಿಂತಳು.

“ಹೋದ ವರ್ಷ ಈ ಬಾಗಿಲಾ ತಗದಿದ್ರ,” ಎಂದಳು ದ್ಯಾಮವ್ವ, ಕೌದಿಯ ಖಾಲಿ ಬದಿಯನ್ನು ನೋಡುತ್ತ, “ಅಂವ ಇಲ್ಲೇ ಕುಂದರತಿದ್ದ. ನಿನ್ನ ಗಿಡಕ್ಕೂ ಹಿತಾನ ಆಗತಿತ್ತು. ಇಷ್ಟ ಇತ್ತು ನೋಡು. ಒಂದು ಬಾಗಿಲಾ.”

ಫಕೀರವ್ವ ಆ ಖಾಲಿ ಬದಿಯನ್ನು ತುಳಿಯದಂತೆ ಒಂದು ಹೆಜ್ಜೆ ಹಿಂದೆ ಸರಿದಳು.

“ಕ್ಷಮಾ ಮಾಡೇನಿ ಅನಕೋಬ್ಯಾಡ,” ಎಂದು ದ್ಯಾಮವ್ವ ಅವಳಿಗೆ ಬೆನ್ನು ತಿರುಗಿಸಿ, ಬದನೆ ಗಿಡಗಳ ಕಡೆ ಮುಖ ಮಾಡಿ ಕೂತಳು.

ತಿರುಗುವಾಗ ಅವಳ ಸೆರಗು ಜಾರಿ ಪಾತಿಯ ಕಾಲುವೆಯ ನೀರಿಗೆ ಬಿದ್ದಿತ್ತು. ತೊಯ್ದ ಸೆರಗಿನಲ್ಲಿ ಹೊರಗೆ ಹೋದರೆ ಅದು ಹೆಪ್ಪುಗಟ್ಟಿ ತಗಡಾಗುತ್ತದೆ. ಫಕೀರವ್ವ ಬಗ್ಗಿ, ಸದ್ದಿಲ್ಲದೆ ಅದನ್ನು ಎತ್ತಿ, ಹಿಂಡಿ, ಒಣ ಕಲ್ಲಿನ ಮೇಲೆ ಹರಡಿದಳು. ದ್ಯಾಮವ್ವನಿಗೆ ಅದು ಗೊತ್ತಾಯಿತು. ತಿರುಗಿ ನೋಡಲಿಲ್ಲ, ಸೆರಗನ್ನು ಎಳೆದುಕೊಳ್ಳಲೂ ಇಲ್ಲ. ಗಿಡಗಳ ಕಡೆ ಮುಖ ಮಾಡಿಕೊಂಡು, ಉಸಿರಾಡುತ್ತ ಕೂತಿದ್ದಳು.